ಇನ್ನೂ ಇಲಿ ಜೊತೆಗೇನಾ?

ಊರಿನ ಮದುವೆಯಲ್ಲಿ ಎಲೆ ಮುಂದೆ ಕೂತರೆ ಸಾಕು, ಪಕ್ಕದವರು ಕೇಳುತ್ತಾರೆ: "ಸಂಶೋಧನೆಯಂತೆ? ಇನ್ನೂ ಇಲಿ ಜೊತೆಗೇನಾ? ಕ್ಲಿನಿಕ್ ಯಾವಾಗ ಹಾಕ್ತೀಯಪ್ಪ?" ಹಾಗೆ ಕೇಳಿದವರೇ ಏದುಸಿರೆಂದು ಎನ್‌ಟಿ-ಪ್ರೋಬಿಎನ್‌ಪಿ ಟೆಸ್ಟ್, ಅಂದರೆ ಹೃದಯ ಸೋಲುತ್ತಿದೆಯೇ ಎಂದು ನೋಡುವ ರಕ್ತಪರೀಕ್ಷೆ, ಮಾಡಿಸಿ ಬಂದಿರುತ್ತಾರೆ. ಆ ಟೆಸ್ಟಿನ ಬೇರು ಇರುವುದೂ ಇಲಿಯಲ್ಲೇ.

ನಾನಿರುವ ಕೆನಡಾದ ಒಟ್ಟಾವಾ ಹೃದಯ ಸಂಸ್ಥೆಗೆ 1986ರಲ್ಲಿ ಬಂದವರು ಸಂಶೋಧಕ ಅಡೋಲ್ಫೊ ಡಿ ಬೋಲ್ಡ್. ಅದಕ್ಕೂ ಮೊದಲು ಕಿಂಗ್‌ಸ್ಟನ್ನಿನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿದ್ದರು. ಹೃತ್ಕರ್ಣದ, ಅಂದರೆ ಹೃದಯದ ಮೇಲುಕೋಣೆಯ, ಕೋಶಗಳಲ್ಲಿ, ಹಾರ್ಮೋನು ಸ್ರವಿಸುವ ಗ್ರಂಥಿಗಳಲ್ಲಿ ಇರುವಂಥ ಕಣಗಳಿವೆ ಎಂಬುದು 1950ರ ದಶಕದಲ್ಲೇ ಗೊತ್ತಿತ್ತು. ರಕ್ತ ತಳ್ಳುವ ಪಂಪಿಗೆ ಇವೇಕೆ? ಈತ ಇಲಿಗಳ ನೀರು-ಉಪ್ಪು ಏರುಪೇರು ಮಾಡಿ ಕಣಗಳನ್ನು ಅಳೆಯುತ್ತಾ ಕೂತರು, ವರ್ಷಗಟ್ಟಲೆ. "ಏನುಪಯೋಗ?" ಎಂದು ಕೇಳುವ ದೊಡ್ಡಮ್ಮ ಅಲ್ಲಿರಲಿಲ್ಲವೇನೋ.

1981ರಲ್ಲಿ ಫಲಿತಾಂಶ ಅಚ್ಚಾಯಿತು. ಇಲಿಯ ಹೃತ್ಕರ್ಣ ಅರೆದು, ತಿಳಿಯನ್ನು ಅರಿವಳಿಕೆ ಕೊಟ್ಟ ಇನ್ನೊಂದು ಇಲಿಯ ರಕ್ತನಾಳಕ್ಕೆ ಬಿಟ್ಟರೆ, ಮೂತ್ರದಲ್ಲಿ ಸೋಡಿಯಂ 30 ಪಟ್ಟಿಗೂ ಹೆಚ್ಚು, ಮೂತ್ರ 10 ಪಟ್ಟು, ಪೊಟ್ಯಾಸಿಯಂ 2 ಪಟ್ಟು. ಕೆಳಕೋಣೆಯನ್ನು, ಅಂದರೆ ಹೃತ್ಕುಕ್ಷಿಯನ್ನು, ಹಾಗೇ ಅರೆದು ಕೊಟ್ಟರೆ ಏನೂ ಆಗಲಿಲ್ಲ. ನನ್ನ ಕಣ್ಣು ನಿಲ್ಲುವುದು ಈ ಎರಡನೇ ಸಿರಿಂಜಿನ ಮೇಲೆ. ಅದಿಲ್ಲದಿದ್ದರೆ ಯಾವ ಮಾಂಸ ಅರೆದು ಚುಚ್ಚಿದರೂ ಹೀಗೇ ಎನ್ನಬಹುದಿತ್ತು.

ಆ ತಿಳಿಯಲ್ಲಿದ್ದದ್ದು 28 ಅಮೈನೋ ಆಮ್ಲಗಳ ಹಾರ್ಮೋನು, ಎಎನ್‌ಪಿ. ರಕ್ತ ಹೆಚ್ಚಾಗಿ ಹೃತ್ಕರ್ಣ ಹಿಗ್ಗಿದರೆ ಹೊರಬೀಳುತ್ತದೆ. ಕಿಡ್ನಿಯಲ್ಲಿ ಸೋಸುವಿಕೆ ಏರಿಸಿ, ಸೋಡಿಯಂ ವಾಪಸ್ ಹೀರದಂತೆ ತಡೆಯುತ್ತದೆ, ದೇಹ ಉಪ್ಪು ಹಿಡಿದಿಡುವಂತೆ ಮಾಡುವ ರೆನಿನ್ ಮತ್ತು ಆಲ್ಡೋಸ್ಟೆರೋನ್ ಎರಡನ್ನೂ ತಗ್ಗಿಸುತ್ತದೆ. ಅದರ ತಮ್ಮ ಬಿಎನ್‌ಪಿ 1988ರಲ್ಲಿ ಜಪಾನಿನಲ್ಲಿ ಹಂದಿಯ ಮಿದುಳಿನಲ್ಲಿ ಸಿಕ್ಕಿತು. ಹೆಸರು ಮಿದುಳಿನದು, ತಯಾರಾಗುವುದು ಹೆಚ್ಚಾಗಿ ಹೃತ್ಕುಕ್ಷಿಯಲ್ಲಿ. ಅದು ತಯಾರಾಗುವಾಗ ಕಳಚಿ ರಕ್ತಕ್ಕೆ ಸೇರುವ ಇನ್ನೊಂದು ತುಂಡೇ ಎನ್‌ಟಿ-ಪ್ರೋಬಿಎನ್‌ಪಿ.

ನಮ್ಮೂರಲ್ಲಿ ಸಂಶೋಧನೆ ಬೇಡ, ಅದರ ನಂಬರು ಬೇಕು. ರಿಪೋರ್ಟಿನಲ್ಲಿ ದಪ್ಪಕ್ಷರ ಕಂಡರೆ ಮನೆಮಂದಿಗೆಲ್ಲ ಗಾಬರಿ. ಏದುಸಿರಿನಿಂದ ತುರ್ತಾಗಿ ಬಂದವರಲ್ಲಿ ಎನ್‌ಟಿ-ಪ್ರೋಬಿಎನ್‌ಪಿ ಮಿಲಿಲೀಟರಿಗೆ 300 ಪಿಕೋಗ್ರಾಂನ ಕೆಳಗಿದ್ದರೆ ಹೃದಯ ವೈಫಲ್ಯ ಬಹುತೇಕ ಇಲ್ಲವೆನ್ನಬಹುದು. ಆದರೆ ಮೇಲಿದೆ ಎಂದ ಮಾತ್ರಕ್ಕೆ ಇದೆ ಎಂದಲ್ಲ. ಕಿಡ್ನಿ ಸೋತಿದ್ದರೂ ಅದು ಏರುತ್ತದೆ, ಹಾಗಾಗಿ ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಪಕ್ಕದಲ್ಲಿಟ್ಟೇ ಓದಬೇಕು. ವಯಸ್ಸಾದಂತೆ ಏರುತ್ತದೆ, ಬೊಜ್ಜಿದ್ದರೆ ಇಳಿಯುತ್ತದೆ. ಹೃದಯ ವೈಫಲ್ಯಕ್ಕೆ ಕೊಡುವ, ಸಕ್ಯುಬಿಟ್ರಿಲ್ ಇರುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಬಿಎನ್‌ಪಿ ಒಡೆಯುವ ಕಿಣ್ವವೇ ಕಟ್ಟಿಹೋಗಿರುತ್ತದೆ. ಅದರಿಂದಲೇ ಬಿಎನ್‌ಪಿ ಏರಿರಬಹುದು, ಹಾಗಾಗಿ ಅವರಿಗೆ ಎನ್‌ಟಿ-ಪ್ರೋಬಿಎನ್‌ಪಿಯನ್ನೇ ಕೇಳಬೇಕು. ಬಿಎನ್‌ಪಿ ರಕ್ತವನ್ನು ಗಾಜಿನ ಟ್ಯೂಬಿಗೆ ಹಾಕಿದರೂ ಕೆಟ್ಟಿತು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ಪ್ಲಾಸ್ಟಿಕ್ಕೇ ಆಗಬೇಕು.

ಸರಿ, ಡಿ ಬೋಲ್ಡ್ ಕೆನಡಾದಲ್ಲಿ ಹುಟ್ಟಿದವರೇನಲ್ಲ, ಅರ್ಜೆಂಟೀನಾದ ಕೊರ್ಡೊಬಾದಲ್ಲಿ ಓದಿ ಬಂದವರು. ಇನ್ನೂ ಒಂದನ್ನು ಒಪ್ಪಲೇಬೇಕು: ಬೆಂಗಳೂರಲ್ಲಿ ಬೆಳಿಗ್ಗೆ ರಕ್ತ ಕೊಟ್ಟರೆ ಸಂಜೆ ಕಾಫಿ ಹೊತ್ತಿಗೆ ರಿಪೋರ್ಟು ಫೋನಿಗೆ ಬಂದಿರುತ್ತದೆ, ಮರುದಿನ ಹೃದಯದ ಡಾಕ್ಟರೂ ಸಿಗುತ್ತಾರೆ. ಇಲ್ಲಿ ತಜ್ಞರ ಅಪಾಯಿಂಟ್‌ಮೆಂಟಿಗೇ ತಿಂಗಳುಗಟ್ಟಲೆ ಕಾಯಬೇಕು.