ಗ್ರೆಟ್ಸ್ಕಿ ದಾಖಲೆ ಮುರಿದಿದ್ದು ನಿಜ, ಆದ್ರೆ ಎಲ್ಲವೂ ಅಲ್ಲ

'ಐಸ್ ಹಾಕಿಯಲ್ಲಿ ವೇಯ್ನ್ ಗ್ರೆಟ್ಸ್ಕಿಯ ದೊಡ್ಡ ದಾಖಲೆಗಳೆಲ್ಲ ಓವೆಚ್ಕಿನ್ ಪಾಲಾಗಿವೆ' ಅನ್ನೋ ಪೋಸ್ಟ್ ಓಡಾಡ್ತಿದೆ. ಇದು ಪೂರ್ತಿ ಸರಿಯಲ್ಲ. 2025ರ ಏಪ್ರಿಲ್ 6ರಂದು ರಷ್ಯಾದ ಆಟಗಾರ ಅಲೆಕ್ಸಾಂಡರ್ ಓವೆಚ್ಕಿನ್ 895ನೇ ಗೋಲು ಹೊಡೆದು, ಎನ್‌ಎಚ್‌ಎಲ್‌ನಲ್ಲಿ (ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್) ಕೆನಡಾದ ಮಾಜಿ ಆಟಗಾರ ಗ್ರೆಟ್ಸ್ಕಿಯ 894 ಗೋಲುಗಳ ದಾಖಲೆ ಮುರಿದರು. ಅವತ್ತು ಗ್ರೆಟ್ಸ್ಕಿ ಅಲ್ಲೇ ಇದ್ದರು, ಅಭಿನಂದಿಸಿದರು. ಅದು ದೊಡ್ಡ ಸಾಧನೆಯೇ, ಅನುಮಾನವೇ ಬೇಡ.

ಆದ್ರೆ ಅದು ಗೋಲಿನ ದಾಖಲೆ ಮಾತ್ರ. ಐಸ್ ಹಾಕಿಯಲ್ಲಿ ಗೋಲು ಹೊಡೆದವರಿಗೆ ಒಂದು ಪಾಯಿಂಟ್, ಅದಕ್ಕೆ ಪಾಸ್ ಕೊಟ್ಟವರಿಗೂ ಒಂದು ಪಾಯಿಂಟ್; ಇಂಥ ಪಾಸನ್ನು ಅಸಿಸ್ಟ್ ಅಂತಾರೆ. ಗ್ರೆಟ್ಸ್ಕಿಯ ನಿಜವಾದ ಜಾಣತನ ಇದ್ದಿದ್ದೇ ಪಾಸ್‌ನಲ್ಲಿ. ಗೋಲು ಬಲೆಯ ಹಿಂದೆ ಹೋಗಿ ನಿಲ್ಲೋರು, ಎದುರಾಳಿ ಡಿಫೆಂಡರ್ ಯಾವ ಕಡೆಯಿಂದ ಬರ್ತಾನೆ ಅಂತ ನೋಡಿ, ಅವನು ಬಿಟ್ಟ ಜಾಗಕ್ಕೆ ಪಕ್ (ಚೆಂಡಿನ ಬದಲು ಬಳಸೋ ರಬ್ಬರ್ ಬಿಲ್ಲೆ) ತಳ್ಳೋರು, ಅಲ್ಲಿ ಸಹ ಆಟಗಾರ ಕಾಯ್ತಿರೋನು. ಹೀಗೆ ಬಂದ ಅಸಿಸ್ಟ್‌ಗಳು 1,963, ಒಟ್ಟು ಪಾಯಿಂಟ್ 2,857. ಎರಡನೇ ಸ್ಥಾನದ ಯಾರೊಮಿರ್ ಯಾಗರ್ ಅವರ ಗೋಲು, ಅಸಿಸ್ಟ್ ಎರಡೂ ಸೇರಿಸಿದ್ರೂ 1,921 ಅಷ್ಟೇ. ಅಂದ್ರೆ ಗ್ರೆಟ್ಸ್ಕಿ ಒಂದೂ ಗೋಲು ಹೊಡೆಯದೇ ಇದ್ದಿದ್ರೂ ಪಾಯಿಂಟ್ ಪಟ್ಟಿಯಲ್ಲಿ ಅವರೇ ಮೊದಲು ಇರ್ತಿದ್ರು. ದಯವಿಟ್ಟು ಆ ಪೋಸ್ಟನ್ನು ಹಾಗೇ ಮುಂದೆ ಕಳಿಸಬೇಡಿ, 'ಗೋಲಿನ ದಾಖಲೆ' ಅಂತ ತಿದ್ದಿ ಕಳಿಸಿ.