ಶಾಲೆ ಚೆನ್ನಾಗಿದೆಯಂತೆ

“ಈ ಬಡಾವಣೆಯಲ್ಲಿ ಎಂಥ ಜನ ಇದ್ದಾರೆ?” ಎಂದು ಕೇಳಿದ್ದೇ ತಪ್ಪಾಯಿತು. ಮನೆ ತೋರಿಸಲು ಕಾರಿನಲ್ಲಿ ಕರೆದೊಯ್ಯುತ್ತಿದ್ದ ಏಜೆಂಟ್ ಮಹಾಶಯರ ಮುಖ ಮಡಿಯಲ್ಲಿದ್ದಾಗ ಮೈಲಿಗೆ ತಾಗಿದವರ ಮುಖದಂತಾಯಿತು. ಗಂಟಲು ಸರಿಮಾಡಿಕೊಂಡು, “ಆ ಪ್ರಶ್ನೆಗೆ ನಾನು ಉತ್ತರ ಕೊಡುವಂತಿಲ್ಲ, ಕಾನೂನಿದೆ” ಎಂದರು.

ಇದೆ, ಸುಳ್ಳಲ್ಲ. ಮಾರ್ಟಿನ್ ಲೂಥರ್ ಕಿಂಗ್ ಗುಂಡಿಗೆ ಬಲಿಯಾದ ಒಂದು ವಾರಕ್ಕೆ, 1968ರ ಏಪ್ರಿಲ್ 11ರಂದು, ಅಮೆರಿಕದ ನ್ಯಾಯಯುತ ವಸತಿ ಕಾಯ್ದೆಗೆ ಅಧ್ಯಕ್ಷರ ಸಹಿ ಬಿತ್ತು. ಅಂದಿನಿಂದ ಜನಾಂಗ, ಬಣ್ಣ, ಧರ್ಮ, ಮೂಲದೇಶ ನೋಡಿ ಮನೆ ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ. ಬೀದಿಯಲ್ಲಿ ಬಿಳಿಯರು ಎಷ್ಟು, ಕರಿಯರು ಎಷ್ಟು ಎಂದು ಬಾಯಿಬಿಟ್ಟರೂ ಏಜೆಂಟರ ಪರವಾನಗಿಗೆ ಕುತ್ತು. ಹಾಗಾಗಿ ಮಹಾಶಯರು ಬಾಯಿಗೆ ಬೀಗ ಹಾಕಿಕೊಂಡು ಕಾರನ್ನು ಎಡಕ್ಕೆ ತಿರುಗಿಸಿದರು. ಬಲಕ್ಕೆ ತಿರುಗಿದ್ದರೆ ರೈಲು ಹಳಿಯ ಆಚೆ ನನ್ನ ಸಾಲದ ಮಿತಿಗೆ ಸಿಗುವ ಮೂರು ಮನೆಗಳಿದ್ದವು. ಅವರ ಕಾರಿಗೆ ಬಲಗಡೆ ಎಂಬುದೊಂದಿದೆ ಎಂದೇ ಗೊತ್ತಿರಲಿಲ್ಲ.

ಬಾಯಿ ಹೇಳಲಾಗದ್ದನ್ನು ಚಕ್ರ ಹೇಳುವ ಈ ವಿದ್ಯೆಗೆ ಅವರ ವೃತ್ತಿಯಲ್ಲಿ ‘ಸ್ಟೀರಿಂಗ್’ ಎಂದೇ ಹೆಸರು. ನ್ಯೂಯಾರ್ಕ್ ಪಕ್ಕದ ಲಾಂಗ್ ಐಲೆಂಡ್‌ನಲ್ಲಿ ‘ನ್ಯೂಸ್‌ಡೇ’ ಪತ್ರಿಕೆ ಗಿರಾಕಿಗಳ ವೇಷದಲ್ಲಿ ಜನರನ್ನು ಕಳಿಸಿ, ಗುಪ್ತ ಕ್ಯಾಮೆರಾ ಇಟ್ಟು, 2019ರಲ್ಲಿ ಫಲಿತಾಂಶ ಪ್ರಕಟಿಸಿತು. ಕಪ್ಪು ಜನಾಂಗದವರಿಗೆ ನೂರರಲ್ಲಿ 49 ಸಲ ತಾರತಮ್ಯ, ಏಷ್ಯನ್ನರಿಗೆ 19 ಸಲ. ಅದನ್ನು ಓದಿದ ಕನ್ನಡದ ಗೆಳೆಯರೊಬ್ಬರು, “ಪರವಾಗಿಲ್ಲ, ನಮಗೆ ಒಳ್ಳೆಯ ರ್‍ಯಾಂಕೇ ಬಂದಿದೆ” ಎಂದು ಸಮಾಧಾನಪಟ್ಟುಕೊಂಡರು.

ಎಡಕ್ಕೆ ತಿರುಗಿದ ಕಾರು ಓಕ್ ಮರಗಳ ನೆರಳಿಗೆ ಬಂದಾಗ ಮಹಾಶಯರ ಬೀಗ ಸಡಿಲವಾಯಿತು.

“ಇಲ್ಲಿ ಶಾಲೆ ಚೆನ್ನಾಗಿದೆ.”

“ನನಗೆ ಮಕ್ಕಳಿಲ್ಲ” ಎಂದೆ.

“ಆದರೂ ಶಾಲೆ ಚೆನ್ನಾಗಿದೆ.”

“ಆಗುವ ಯೋಚನೆಯೂ ಇಲ್ಲ.”

“ತುಂಬಾ ಚೆನ್ನಾಗಿದೆ” ಎಂದು ಹುಬ್ಬನ್ನು ಕಾಲಿಂಚು ಮೇಲಕ್ಕೆತ್ತಿದರು. ಆ ಕಾಲಿಂಚಿನಲ್ಲಿ ಎಲ್ಲವೂ ಇತ್ತು. ಬಾಡಿಗೆ ಮನೆಗೆ ಹೋದವರ ಜಾತಿ ತಿಳಿಯಲು “ಊಟ ಏನು ಮಾಡುತ್ತೀರಿ?” ಎಂದು ಕೇಳುವ ಊರಿನಲ್ಲಿ ಬೆಳೆದವನು ನಾನು. ಈ ಭಾಷೆಗೆ ನನಗೆ ದುಭಾಷಿ ಬೇಕಾಗಲಿಲ್ಲ. ‘ಬೆಳೆಯುತ್ತಿರುವ ಪ್ರದೇಶ’ ಎಂದರೆ ಅಲ್ಲಿರುವವರು ಇನ್ನೂ ಪೂರ್ತಿ ಖಾಲಿ ಮಾಡಿಲ್ಲ ಎಂದರ್ಥ. ‘ಜೀವಕಳೆ ತುಂಬಿದ ಬೀದಿ’ ಎಂದರೆ ರಾತ್ರಿ ಹನ್ನೊಂದಕ್ಕೂ ಹಾಡು ಕೇಳಿಸುತ್ತದೆ, ಹಾಡು ಸ್ಪ್ಯಾನಿಷ್ ಭಾಷೆಯದು.

ಮೊಬೈಲ್ ಆ್ಯಪ್ ತೆಗೆದು ಅಂಕವನ್ನೂ ತೋರಿಸಿದರು: ಹತ್ತಕ್ಕೆ ಒಂಬತ್ತು, ಹಸಿರು ಚುಕ್ಕೆ. ಹಳಿಯ ಆಚೆಯ ಶಾಲೆಗೆ ಮೂರು, ಕೆಂಪು ಚುಕ್ಕೆ. 1930ರ ದಶಕದಲ್ಲಿ ಸರ್ಕಾರದ ಗೃಹಸಾಲ ಸಂಸ್ಥೆ 200ಕ್ಕೂ ಹೆಚ್ಚು ನಗರಗಳ ನಕ್ಷೆಗೆ ಬಣ್ಣ ಬಳಿದಾಗಲೂ ಉತ್ತಮ ಬಡಾವಣೆ ಹಸಿರು, ಸಾಲಕ್ಕೆ ಅಪಾಯಕಾರಿಯಾದದ್ದು ಕೆಂಪು. ಕರಿಯರು ಇದ್ದ ಕಡೆ ಬಹುಮಟ್ಟಿಗೆ ಕೆಂಪೇ. ಕುಂಚ ಬದಲಾದರೂ ಬಣ್ಣದ ಡಬ್ಬಿ ಬದಲಾಗಿಲ್ಲ. ಬಹಳಷ್ಟು ರಾಜ್ಯಗಳಲ್ಲಿ ಶಾಲೆಯ ಖರ್ಚಿನ ದೊಡ್ಡದೊಂದು ಪಾಲು ಬರುವುದು ಆಸ್ತಿ ತೆರಿಗೆಯಿಂದ. ಮನೆ ದುಬಾರಿಯಾಗದೆ ಶಾಲೆ ಚೆನ್ನಾಗುವುದಿಲ್ಲ, ಶಾಲೆ ಚೆನ್ನಾಗದೆ ಮನೆ ದುಬಾರಿಯಾಗುವುದಿಲ್ಲ. ಹುಚ್ಚು ಬಿಡದೆ ಮದುವೆಯಾಗುವುದಿಲ್ಲ, ಮದುವೆಯಾಗದೆ ಹುಚ್ಚು ಬಿಡುವುದಿಲ್ಲ ಎಂದು ನಮ್ಮವರು ಹೇಳಿದ್ದು ಇಂಥದ್ದಕ್ಕೇ ಇರಬೇಕು.

ಬೀದಿಯಲ್ಲಿ ಎರಡು ಮೂರು ಮನೆಗೊಂದರಂತೆ ಹುಲ್ಲುಹಾಸಿನಲ್ಲಿ ಹಲಗೆ ನೆಟ್ಟಿದ್ದರು. ‘ಕಪ್ಪು ಜೀವಗಳಿಗೆ ಬೆಲೆಯಿದೆ, ಎಲ್ಲರಿಗೂ ಸ್ವಾಗತ’ ಎಂದು ಏಳು ಬಣ್ಣಗಳಲ್ಲಿ ಬರೆದಿತ್ತು. ಹಲಗೆ ನೆಟ್ಟ ಹುಲ್ಲಿಗೂ ಬೆಲೆಯಿತ್ತು, ಚದರಡಿಗೆ ಇಷ್ಟೆಂದು. ಎಲ್ಲರಿಗೂ ಸ್ವಾಗತವಿದ್ದ ಆ ಬೀದಿಯಲ್ಲಿ ನಾನು ಅಂದು ಕಂಡ ಏಕೈಕ ಕಪ್ಪು ಜೀವ ಕೊರಿಯರ್ ವ್ಯಾನಿನಿಂದ ಡಬ್ಬಿ ಇಳಿಸಿ ಹೋಯಿತು.

ಮನೆಯೊಳಗೆ ಮಹಾಶಯರು ದೊಡ್ಡ ಮಲಗುವ ಕೋಣೆಯನ್ನು ‘ಪ್ರೈಮರಿ ಬೆಡ್‌ರೂಮ್’ ಎಂದು ಪರಿಚಯಿಸಿದರು. ‘ಮಾಸ್ಟರ್’ ಎಂಬುದರಲ್ಲಿ ಗುಲಾಮಗಿರಿಯ ವಾಸನೆಯಿದೆಯೆಂದು 2020ರಲ್ಲಿ ಹ್ಯೂಸ್ಟನ್ ನಗರದ ಏಜೆಂಟರ ಸಂಘ ಜಾಹೀರಾತುಗಳಲ್ಲಿ ಆ ಪದ ಕೈಬಿಟ್ಟಿತು, ಬೇರೆಯವರೂ ಹಿಂಬಾಲಿಸಿದರು. ಒಡೆಯ ಕೋಣೆ ಖಾಲಿ ಮಾಡಿ ಹೋದ. ಹನ್ನೊಂದು ಲಕ್ಷ ಡಾಲರ್ ಮಾತ್ರ ಅಲ್ಲೇ ಉಳಿದುಕೊಂಡಿತು.

ಕೊಂಡೆವು. ಮೂವತ್ತು ವರ್ಷ ಬ್ಯಾಂಕಿಗೆ ಜೀತವಿರಲು ಒಪ್ಪಿ ಕೊಂಡೆವು. ಜೊತೆಗೆ ಬಂದ ಕಾಗದದ ಕಟ್ಟಿನಲ್ಲಿ, ಪ್ರತಿಯ ಪ್ರತಿಯ ಪ್ರತಿಯಾಗಿ ಮಾಸಿಹೋದ ಹಳೆಯ ಪತ್ರವೊಂದಿತ್ತು. ಟೈಪ್‌ರೈಟರ್‌ನ ‘ಇ’ ಅಕ್ಷರಗಳೆಲ್ಲ ಮಸಿ ತುಂಬಿ ಕಣ್ಣು ಮುಚ್ಚಿಕೊಂಡಿದ್ದವು. ಬಿಳಿಯರಲ್ಲದ ಯಾರೂ ಈ ನಿವೇಶನದಲ್ಲಿ ವಾಸಿಸಕೂಡದು, ಮನೆಗೆಲಸದ ಆಳುಗಳಿಗೆ ವಿನಾಯಿತಿ ಉಂಟು ಎಂದಿತ್ತು. ಹೆಂಡತಿ ಅದನ್ನು ಎರಡು ಸಲ ಓದಿ, “ನೀವು ಇರಬಹುದು, ಪಾತ್ರೆ ತೊಳೆಯುವುದಾದರೆ” ಎಂದಳು. ಅಂದಿನಿಂದ ತೊಳೆಯುತ್ತಿದ್ದೇನೆ.

ಮಹಾಶಯರಿಗೆ ಫೋನ್ ಮಾಡಿದೆ. “ಅದು ಸತ್ತ ಷರತ್ತು, ಚಿಂತಿಸಬೇಡಿ” ಎಂದರು. ಸತ್ತದ್ದು 1948ರಲ್ಲಿ. ಇಂಥ ಷರತ್ತನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಆ ವರ್ಷ ಹೇಳಿತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಮೂವರು ಕಾರಣ ಹೇಳದೆ ವಿಚಾರಣೆಯಿಂದ ದೂರ ಉಳಿದರು. ಅವರ ಮನೆಪತ್ರದಲ್ಲೂ ಇಂಥದೇ ಸಾಲು ಇದ್ದಿರಬೇಕು ಎಂದು ಜನ ಆಡಿಕೊಂಡರು.

ಸತ್ತ ಷರತ್ತಿನ ಜಾತಕ ಹುಡುಕುತ್ತಾ ಹೋದವನಿಗೆ ಜಾರ್ಜ್ ಸದರ್ಲೆಂಡ್ ಎಂಬ ನ್ಯಾಯಮೂರ್ತಿ ಎರಡು ಕಡೆ ಸಿಕ್ಕಿದರು. ಮೊದಲನೆಯದು 1923ರಲ್ಲಿ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಪಂಜಾಬಿನ ಭಗತ್ ಸಿಂಗ್ ಥಿಂದ್ ಪೌರತ್ವ ಕೇಳಿದ್ದರು. ಆಗ ಅದು ಬಿಳಿಯರಿಗೂ ಆಫ್ರಿಕಾ ಮೂಲದವರಿಗೂ ಮಾತ್ರ ಸಿಗುತ್ತಿತ್ತು. ಈ ಅನ್ಯಾಯವನ್ನು ಥಿಂದ್ ಪ್ರಶ್ನಿಸಿದರು ಎಂದುಕೊಂಡಿರಾ? ಇಲ್ಲ. ತಾನು ಮೇಲ್ಜಾತಿಯ ಆರ್ಯ, ಆದ್ದರಿಂದ ಬಿಳಿಯ ಎಂದು ವಾದಿಸಿದರು. ನೀವು ಕರಿಯರನ್ನು ಮದುವೆಗೆ ದೂರ ಇಡುವಂತೆ ನಾವೂ ನಮ್ಮ ಮೂಲನಿವಾಸಿಗಳನ್ನು ದೂರ ಇಡುತ್ತೇವೆ ಎಂದೂ ಅವರ ಅರ್ಜಿಯಲ್ಲಿತ್ತು. ಏಳು ಸಮುದ್ರ ದಾಟಿದರೂ ಬಿಡದ ವರ್ಣಾಶ್ರಮವನ್ನು ಕಂಡು ಸದರ್ಲೆಂಡ್ ಕರಗಲಿಲ್ಲ. ಸಾಮಾನ್ಯ ಮನುಷ್ಯನ ಕಣ್ಣಿಗೆ ನೀವು ಬಿಳಿಯರಲ್ಲ ಎಂದು ತೀರ್ಪಿತ್ತರು.

ಮೂರು ವರ್ಷ ಬಿಟ್ಟು, 1926ರಲ್ಲಿ, ಅದೇ ಲೇಖನಿ ಒಹಾಯೊ ರಾಜ್ಯದ ಯೂಕ್ಲಿಡ್ ಎಂಬ ಹಳ್ಳಿಯ ಮೊಕದ್ದಮೆಗೆ ತೀರ್ಪು ಬರೆಯಿತು. ಒಂಟಿ ಮನೆಗಳ ಬಡಾವಣೆಯಿಂದ ಬಹುಮಹಡಿ ವಸತಿಯನ್ನು ಹೊರಗಿಡಬಹುದು, ಅಪಾರ್ಟ್‌ಮೆಂಟ್ ಎಂಬುದು ಅಕ್ಕಪಕ್ಕದ ಚೆಲುವನ್ನು ಹೀರಿ ಬದುಕುವ ಪರಾವಲಂಬಿ ಎಂದಿತು. ಮೊದಲ ತೀರ್ಪಿನ ಕಥೆ ಕಾಯ್ದೆ ಬದಲಾದ 1946ರಲ್ಲಿ ಮುಗಿಯಿತು. ಎರಡನೆಯದಕ್ಕೆ ಇಂದಿಗೂ ಆಯಸ್ಸು ಗಟ್ಟಿ. ಅನೇಕ ಅಮೆರಿಕನ್ ನಗರಗಳ ವಸತಿ ಭೂಮಿಯಲ್ಲಿ ಸುಮಾರು ಮುಕ್ಕಾಲು ಪಾಲು ಒಂದು ಕುಟುಂಬದ ಒಂಟಿ ಮನೆಗಷ್ಟೇ ಮೀಸಲಾಗಿತ್ತು. ಮಿನಿಯಾಪೊಲಿಸ್‌ನಂಥ ಕೆಲವು ಊರುಗಳು ಈಚೆಗೆ ಅದನ್ನು ಸಡಿಲಿಸಿವೆ. ಚರ್ಮದ ಬಣ್ಣ ಕೇಳುವುದು ಅಪರಾಧ. ಸಂಬಳದ ಚೀಟಿ ಕೇಳುವುದು ವ್ಯವಹಾರ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಇದನ್ನೆಲ್ಲ ಓದಿ ನನಗೆ ರೋಷ ಬಂತು. ರೋಷ ಸುಮಾರು ಆರು ತಿಂಗಳು ಇತ್ತು.

ಆರನೆಯ ತಿಂಗಳಲ್ಲಿ ಬೀದಿಯ ಮೂಲೆಯ ಹಳೆಯ ಮನೆ ಕೆಡವಿ ಎಂಟು ಸಣ್ಣ ಮನೆಗಳ ಕಟ್ಟಡ ಕಟ್ಟುವ ಪ್ರಸ್ತಾಪ ಬಂತು. ಎರಡು ಮನೆ ಕಡಿಮೆ ಆದಾಯದವರಿಗೆ. ಗ್ರಂಥಾಲಯದ ನೆಲಮಾಳಿಗೆಯಲ್ಲಿ ಸಭೆ ಸೇರಿತು. ಹಲಗೆ ನೆಟ್ಟವರೆಲ್ಲ ಬಂದಿದ್ದರು. ಯಾರೂ ಯಾರನ್ನೂ ವಿರೋಧಿಸಲಿಲ್ಲ. ಒಬ್ಬರಿಗೆ ಓಕ್ ಮರದ ಬೇರಿನ ಚಿಂತೆ. ಇನ್ನೊಬ್ಬರಿಗೆ ಕಟ್ಟಡದ ನೆರಳು ತಮ್ಮ ಟೊಮೆಟೊ ಗಿಡದ ಮೇಲೆ ಮಧ್ಯಾಹ್ನ ಮೂರರ ನಂತರ ಬೀಳುತ್ತದೆಂಬ ಸಂಕಟ. ಅದಕ್ಕೆ ಅವರು ಬಣ್ಣದ ನಕ್ಷೆಯನ್ನೇ ತಂದಿದ್ದರು. ಮೂರನೆಯವರು, ‘ಬಡಾವಣೆಯ ಸ್ವಭಾವ’ ಕೆಡುತ್ತದೆ ಎಂದರು. ಎಲ್ಲರೂ ತಲೆದೂಗಿದರು.

ನಾನು ಹಿಂದಿನ ಸಾಲಿನಲ್ಲಿ ಕುಳಿತು ನಮ್ಮ ಹನ್ನೊಂದು ಲಕ್ಷದ ಬಗ್ಗೆ ಯೋಚಿಸುತ್ತಿದ್ದೆ. ಮೈಕ್ ನನ್ನ ಕೈಗೆ ಬಂತು. ಎದ್ದುನಿಂತು, ಏಜೆಂಟ್ ಮಹಾಶಯರಂತೆಯೇ ಗಂಟಲು ಸರಿಮಾಡಿಕೊಂಡೆ.

“ನನಗೆ ಯಾರ ಮೇಲೂ ಬೇಸರವಿಲ್ಲ. ಎಂಟು ಮನೆಗೆ ಹದಿನಾರು ಕಾರು. ಅವನ್ನು ಎಲ್ಲಿ ನಿಲ್ಲಿಸುತ್ತಾರೆ?”

ಜೋರಾಗಿ ಚಪ್ಪಾಳೆ ಬಿತ್ತು. ಟೊಮೆಟೊದವರು ತಿರುಗಿ ನನ್ನ ಕೈಕುಲುಕಿದರು. ಆರು ತಿಂಗಳಲ್ಲಿ ಮೊದಲ ಬಾರಿಗೆ ಆ ಬೀದಿಯಲ್ಲಿ ಒಬ್ಬರು ನನ್ನ ಹೆಸರನ್ನು ಸರಿಯಾಗಿ ಉಚ್ಚರಿಸಿದರು.