ಪಾಸ್‌ಬುಕ್ಕಿನಲ್ಲಿ ಸ್ವಿಫ್ಟ್ ಕೋಡ್ ಅಚ್ಚು ಹಾಕೋಕೆ ಏನು ದಾಡಿ?

ವಿದೇಶದಿಂದ ಹಣ ತರಿಸೋಕೆ ಬೇಕಾದ ಬ್ಯಾಂಕಿನ ಗುರುತು, ಅಂದರೆ ಸ್ವಿಫ್ಟ್ ಕೋಡ್ ಕೊಡಿ ಅಂತ ಬ್ಯಾಂಕ್ ಕೌಂಟರಿನಲ್ಲಿ ಕೇಳಿದರೆ ಪಾಸ್‌ಬುಕ್ ತಿರುವಿ ಐಎಫ್‌ಎಸ್‌ಸಿ ಕೆಳಗೆ ಗೆರೆ ಎಳೆದು ಕೊಡ್ತಾರಲ್ಲ, ಇವರಿಗೆ ಏನನ್ನಬೇಕು? ಐಎಫ್‌ಎಸ್‌ಸಿ ಇರೋದು ದೇಶದೊಳಗಿನ ನೆಫ್ಟ್, ಆರ್‌ಟಿಜಿಎಸ್‌ಗೆ. ದುಬೈನಿಂದಲೋ ನ್ಯೂಜೆರ್ಸಿಯಿಂದಲೋ ಮಕ್ಕಳು ವೈರ್ ಮಾಡೋ ದುಡ್ಡಿಗೆ ಬೇಕಾದ್ದು ಸ್ವಿಫ್ಟ್. ಫಾರಂನಲ್ಲಿ ಬಿಐಸಿ ಅಂತಿದ್ದರೂ ಅದೇ. ಐಎಫ್‌ಎಸ್‌ಸಿ 11 ಅಕ್ಷರ, ಸ್ವಿಫ್ಟ್ 8 ಅಥವಾ 11, ಹಾಗಾಗಿ ಅದಲು ಬದಲಾದರೂ ಗೊತ್ತಾಗಲ್ಲ. ಐದನೇ ಜಾಗ ನೋಡಿ: ಸೊನ್ನೆ ಇದ್ದರೆ ಐಎಫ್‌ಎಸ್‌ಸಿ. ಸ್ವಿಫ್ಟ್‌ನಲ್ಲಿ ಐದು, ಆರನೇ ಅಕ್ಷರ ದೇಶದ ಗುರುತು, ನಮಗೆ ‘ಐಎನ್’. ಇಷ್ಟನ್ನೂ ಸಿಬ್ಬಂದಿಗೆ ಹೇಳಿಕೊಡಬಾರದಾ?

ಎಲ್ಲ ಶಾಖೆಗೂ ಸ್ವಂತ ಸ್ವಿಫ್ಟ್ ಕೋಡ್ ಇರಲ್ಲ. ಅದು ತಪ್ಪೇನಲ್ಲ. ಫಾರೆಕ್ಸ್ (ವಿದೇಶಿ ವಿನಿಮಯ) ನೋಡುವ ಶಾಖೆಯ ಕೋಡ್ ಹಾಕಿ, ಖಾತೆ ಸಂಖ್ಯೆ, ಖಾತೆಯಲ್ಲಿರುವ ಹಾಗೇ ಪೂರ್ತಿ ಹೆಸರು, ನಮ್ಮ ಶಾಖೆಯ ವಿಳಾಸ ಬರೆಸಿದರೆ ಹಣ ಬಂದೇ ಬರುತ್ತೆ. ಆದರೆ ಯಾವ ಶಾಖೆಯ ಕೋಡ್ ಅಂತ ಹೇಳಬೇಕಾದವರೇ ‘ಗೂಗಲ್‌ನಲ್ಲಿ ನೋಡ್ಕೊಳ್ಳಿ’ ಅಂದ್ರೆ? ಅಲ್ಲಿ ಸಿಗೋದು ಜೀವಂತ ಇದೆಯೋ ಸತ್ತಿದೆಯೋ ಯಾರಿಗೆ ಗೊತ್ತು. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ಕ್ಕೆ ಕೆನರಾ ಜೊತೆ ಸೇರಿತು, ಅದರ ಹಳೇ ಸ್ವಿಫ್ಟ್ ಕೋಡ್ 2021ರ ಜುಲೈ 1ರಿಂದ ಬಂದ್. ಕರಾವಳಿಯಲ್ಲಿ ಗಲ್ಫ್ ದುಡ್ಡಿನ ಮೇಲೆ ನಡೆಯೋ ಮನೆಗಳಿಗೆ ಇದು ಸಣ್ಣ ವಿಷಯವಲ್ಲ.

ಕೋಡ್ ತಪ್ಪಿದರೆ ಅನುಭವಿಸೋರು ನಾವು. ಹೆಸರು, ಖಾತೆ ತಾಳೆಯಾಗದೆ ಹಣ ನಡುವೆಯೇ ಕೂರುತ್ತೆ, ಆಮೇಲೆ ವಾಪಸ್ ಹೋಗುತ್ತೆ. ಮಧ್ಯದ ಬ್ಯಾಂಕು ಶುಲ್ಕ ಮುರಿದುಕೊಂಡಿರುತ್ತೆ. ರೂಪಾಯಿಗೆ ಬದಲಾಯಿಸಿ ಕಳಿಸಿದ್ದರೆ ವಿನಿಮಯ ದರದಲ್ಲೂ ಪೆಟ್ಟು. ಯುರೋಪು, ಗಲ್ಫಿನ ಫಾರಂಗಳಲ್ಲಿ ಐಬಿಎಎನ್ (ಅಂತರರಾಷ್ಟ್ರೀಯ ಖಾತೆ ಸಂಖ್ಯೆ) ಕೇಳಿದಾಗಲೂ ಇದೇ ಗೋಳು. ಭಾರತದಲ್ಲಿ ಆ ಪದ್ಧತಿಯೇ ಇಲ್ಲ, ಬರೀ ಖಾತೆ ಸಂಖ್ಯೆ ಸಾಕು. ಇದನ್ನೂ ಯಾರೂ ಬಾಯಿ ಬಿಟ್ಟು ಹೇಳಲ್ಲ.

ಹಣ ಬರಲಿಲ್ಲ ಅಂತ ಹೋದರೆ ಕಂಪ್ಯೂಟರ್ ನೋಡಿ ‘ನಮಗೆ ಬಂದಿಲ್ಲ’ ಅಂತ ಸಾಗಹಾಕ್ತಾರೆ. ಹುಡುಕೋಕೆ ದಾರಿ ಇದೆ. ಕಳಿಸಿದವರ ಬ್ಯಾಂಕಿನಿಂದ ಯುಇಟಿಆರ್ ತರಿಸಿಕೊಳ್ಳಿ, ಒಂದೊಂದು ವರ್ಗಾವಣೆಗೂ ಬೇರೆಬೇರೆ ಇರೋ, ನಡುವಿನ ಅಡ್ಡಗೆರೆಗಳೂ ಸೇರಿ 36 ಅಕ್ಷರದ ಗುರುತಿನ ಸಂಖ್ಯೆ ಅದು. ಶಾಖೆಯಲ್ಲಿ ಬಾಯಿಮಾತಿಗೆ ಬಿಡದೆ, ಅದನ್ನು ಬರೆದ ಅರ್ಜಿಯನ್ನು ಫಾರೆಕ್ಸ್ ವಿಭಾಗಕ್ಕೆ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಹಣ ಯಾವ ಬ್ಯಾಂಕಿನಲ್ಲಿ ನಿಂತಿದೆ ಅನ್ನೋದು ಅವರಿಗೆ ಆ ಸಂಖ್ಯೆಯಿಂದ ಗೊತ್ತಾಗುತ್ತೆ.